ಮೂಗಿಗಾಗಿ ಒಂದು ಪ್ರೆಸ್ಸು

ಫೆಬ್ರುವರಿಯಲ್ಲಿ ಹಿಡಿದ ಜ್ವರ ಲೋವೆಲ್‌ನನ್ನು ಎರಡು ವಾರ ಸತಾಯಿಸಿ ಬಿಟ್ಟುಹೋಯಿತು. ಹೋಗುವಾಗ ಅವನ ಮೂಗನ್ನೂ ಕೊಂದುಹೋಯಿತು. ನೆಗಡಿಯಿಲ್ಲ, ಉಸಿರಾಟಕ್ಕೆ ತೊಂದರೆಯಿಲ್ಲ, ಮೂಗು ಮುಖದ ಮೇಲೆ ಮೊದಲಿನಷ್ಟೇ ದೊಡ್ಡದಾಗಿ ಕೂತಿತ್ತು. ವಾಸನೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಬೆಳಗಿನ ಕಾಫಿ ಬರೀ ಬಿಸಿನೀರಾಯಿತು, ಹೆಂಡತಿ ರೋಡಾ ಮಾಡುವ ಜೋಳದ ಬ್ರೆಡ್ಡು ಮರದ ಹೊಟ್ಟಾಯಿತು. ಬೇರೆ ಯಾರಿಗಾದರೂ ಹೀಗಾಗಿದ್ದರೆ ನಾಲ್ಕು ಜನರ ಮುಂದೆ ಗೋಳು ತೋಡಿಕೊಂಡು ಹಗುರಾಗುತ್ತಿದ್ದರು. ಲೋವೆಲ್ ಹೇಳಿಕೊಳ್ಳುವ ಹಾಗಿರಲಿಲ್ಲ. ಬೇರ್‌ಪಾ ಗುಡ್ಡದಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಮೂಗಿನ ದೆಸೆಯಿಂದ ಬಂದದ್ದು.

ಗುಡ್ಡದಲ್ಲಿರುವವರೆಲ್ಲ ಗಾಂಜಾ ಬೆಳೆಯುವವರು. ಪೊಲೀಸರ ಹೆಲಿಕಾಪ್ಟರ್ ತಲೆಯ ಮೇಲೆ ಸುತ್ತುತ್ತಿದ್ದ ಕಾಲದಲ್ಲೂ ಬೆಳೆದರು, ಸರ್ಕಾರವೇ ಲೈಸೆನ್ಸು ಕೊಡತೊಡಗಿದ ಮೇಲೂ ಬೆಳೆಯುತ್ತಿದ್ದಾರೆ. ಎರಡರಲ್ಲಿ ಎರಡನೆಯದರ ಕಾಟವೇ ಹೆಚ್ಚು ಎನ್ನುವವರಿಗೂ ಅಲ್ಲಿ ಕಡಿಮೆಯಿಲ್ಲ. ಬೆಳೆ ಕೊಯ್ದು, ನೆರಳಲ್ಲಿ ಒಣಗಿಸಿ, ಗಾಜಿನ ಜಾಡಿಗೆ ತುಂಬಿದ ಮೇಲೆ ಡಿಸೆಂಬರ್ ತಿಂಗಳ ಮೊದಲ ಭಾನುವಾರ ಎಲ್ಲರೂ ತಂತಮ್ಮ ತಳಿಯ ಒಂದೊಂದು ಜಾಡಿ ಹಿಡಿದುಕೊಂಡು ಊರಿನ ಅಗ್ನಿಶಾಮಕ ಶೆಡ್ಡಿಗೆ ಬರುತ್ತಾರೆ. ಬೆಂಕಿ ಆರಿಸುವ ಗಾಡಿಯನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕುತ್ತಾರೆ. ಜಾಡಿಗಳ ಮೇಲೆ ಹೆಸರಿರುವುದಿಲ್ಲ. ಲೋವೆಲ್ ಒಂದೊಂದನ್ನೇ ತೆರೆದು ಮೂಸಿ, ಇದು ಯಾರ ಇಳಿಜಾರಿನದು, ಇದರ ತಾಯಿಗಿಡ ಯಾವುದು, ಯಾರು ಅವಸರ ಮಾಡಿ ಒಲೆಯ ಹತ್ತಿರ ಒಣಗಿಸಿದ್ದಾರೆ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ತನ್ನ ಜಾಡಿ ಕೈಗೆ ಬಂದರೆ ಮುಚ್ಚಳ ಅರ್ಧ ತೆರೆಯುವಷ್ಟರಲ್ಲೇ ಗುರುತು ಹಿಡಿದು "ಇದು ನಂದು" ಎಂದು ಪಕ್ಕಕ್ಕಿಟ್ಟು ಮುಂದಿನದಕ್ಕೆ ಹೋಗುತ್ತಿದ್ದ. ಕೊನೆಗೆ ಒಂದನ್ನು ಆರಿಸುತ್ತಿದ್ದ. ಆ ಗಿಡದ ಬೀಜವನ್ನು ಮನೆಮನೆಗೂ ಹಂಚುತ್ತಿದ್ದರು, ಮುಂದಿನ ವಸಂತದಲ್ಲಿ ತಂತಮ್ಮ ಹಳೆಯ ತಳಿಗೆ ಒಂದೆರಡು ಸಾಲು ಬಿಟ್ಟು ಉಳಿದ ಕಡೆಯೆಲ್ಲ ಇಡೀ ಗುಡ್ಡ ಅದನ್ನೇ ನೆಡುತ್ತಿತ್ತು.

ಅಂದರೆ ಗುಡ್ಡ ಏನು ಬೆಳೆಯಬೇಕು ಎಂದು ತೀರ್ಮಾನಿಸುವುದು ಆ ಮೂಗು. ಹೊಸಬರು ಪ್ರಯೋಗಾಲಯದ ಚೀಟಿ ತಂದು ಅಮಲಿನ ಪ್ರಮಾಣದ ಅಂಕಿ ತೋರಿಸಿದಾಗ ಗುಡ್ಡದವರು ಚೀಟಿಯನ್ನು ಒಲೆ ಹೊತ್ತಿಸಲು ಬಳಸಿಕೊಂಡಿದ್ದರು. ಹಾಗಂತ ಲೋವೆಲ್ ಹೇಳಿದ್ದನ್ನು ತಲೆಬಾಗಿಸಿ ಕೇಳುತ್ತಿದ್ದರು ಎಂದಲ್ಲ. ಬೈಯುತ್ತಿದ್ದರು, ಮೇಜು ಗುದ್ದುತ್ತಿದ್ದರು, ಹೊರಗೆ ಹೋಗಿ ಸಿಗರೇಟು ಸೇದಿ ಮತ್ತೆ ಬಂದು ಬೈಯುತ್ತಿದ್ದರು. ಸಾಯಂಕಾಲದ ಹೊತ್ತಿಗೆ ಒಪ್ಪುತ್ತಿದ್ದರು.

ಬೇಸಿಗೆಯನ್ನು ಲೋವೆಲ್ ಹೇಗೋ ನಾಟಕದಲ್ಲಿ ಕಳೆದ. ಯಾರಾದರೂ ಮೊಗ್ಗೊಂದನ್ನು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದರೆ ಕಣ್ಣು ಕಿರಿದು ಮಾಡಿ, ದೂರದ ಮರ ನೋಡಿ, "ಇನ್ನೂ ಸ್ವಲ್ಪ ದಿನ ತಡಿ" ಎನ್ನುತ್ತಿದ್ದ. ಬೇಸಿಗೆಯಲ್ಲಿ ಯಾವ ಗಿಡಕ್ಕೆ ಆ ಮಾತು ಹೇಳಿದರೂ ತಪ್ಪಾಗುವುದಿಲ್ಲ. ಆದರೆ ಡಿಸೆಂಬರ್‌ನಲ್ಲಿ ಆ ಆಟ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಒಬ್ಬನೇ ಇದ್ದಾಗ ಹೆದರಿಕೆಯಾಗುತ್ತಿತ್ತು. ಎಪ್ಪತ್ತು ದಾಟಿದ್ದಾನೆ, ಮಂಡಿ ಹೋಗಿದೆ, ಮರ ಕಡಿಯಲಾರ, ಗುಂಡಿ ತೋಡಲಾರ. ಮೂಗೂ ಇಲ್ಲವೆಂದರೆ ಆ ಮೇಜಿನ ಮುಂದೆ ಅವನಿಗೇನು ಕೆಲಸ?

ಅಂಥ ಸಮಯದಲ್ಲಿ ತಲೆಗೆ ಹೊಳೆದದ್ದು ರಾಳ. ಕೆಳಗೆ ಗಾರ್ಬರ್‌ವಿಲ್ ಪೇಟೆಯ ಹುಡುಗರು ಈಚೆಗೆ ಹೂವನ್ನು ಬಿಟ್ಟು ರಾಳದ ಹಿಂದೆ ಬಿದ್ದಿದ್ದರು. ಹೂವನ್ನು ಪುಟ್ಟ ಬಟ್ಟೆಚೀಲಕ್ಕೆ ತುಂಬಿ ಎರಡು ಬಿಸಿ ಪ್ಲೇಟುಗಳ ನಡುವೆ ಇಟ್ಟು ಒತ್ತಿದರೆ ಜೇನಿನ ಬಣ್ಣದ ರಾಳ ಒಸರುತ್ತದೆ. ಒಂದು ಹಿಡಿ ಹೂವಿನ ಘಾಟೆಲ್ಲ ಒಂದು ಕಡಲೆಕಾಳಿನಷ್ಟು ರಾಳದಲ್ಲಿ ಬಂದು ಕೂರುತ್ತದೆ. ಲೋವೆಲ್ ಇದನ್ನು ಹುಡುಗಾಟಿಕೆ ಎಂದು ಎಷ್ಟೋ ಸಲ ಬೈದಿದ್ದ. ಈಗ ಬೇರೆ ರೀತಿ ಯೋಚಿಸಿದ. ಕಿವಿ ಮಂದವಾದವರ ಹತ್ತಿರ ಕೂಗಿ ಮಾತಾಡುತ್ತೇವೆ. ಮೂಗು ಮಂದವಾದರೆ ವಾಸನೆಯೂ ಕೂಗಬೇಕು, ಅಷ್ಟೇ.

ಮೊದಲ ಪ್ರಯತ್ನ ಮನೆಯೊಳಗೇ ಆಯಿತು, ಹೆಂಡತಿಗೆ ಗೊತ್ತಿಲ್ಲದ ಹಾಗೆ.

"ನನ್ನ ಇಸ್ತ್ರಿ ಎಲ್ಲಿ?" ಎಂದಳು ರೋಡಾ.

"ಯಾವ ಇಸ್ತ್ರಿ?"

"ಕೂದಲು ನೆಟ್ಟಗೆ ಮಾಡೋದು. ನಿಂಗೆ ತಲೇಲಿ ಒಂದು ಎಳೆ ಕೂದಲಿಲ್ಲ, ಅದರ ಹತ್ರ ನಿಂಗೇನು ಕೆಲಸ?"

ಲೋವೆಲ್ ಬೆನ್ನ ಹಿಂದಿನಿಂದ ಇಸ್ತ್ರಿ ತೆಗೆದುಕೊಟ್ಟ. ಅದರ ಎರಡು ದವಡೆಗೂ ಹಳದಿ ಅಂಟು ಮೆತ್ತಿತ್ತು. ರೋಡಾ ಮೂಸಿ ನೋಡಿದಳು, ಗಂಡನ ಮುಖ ನೋಡಿದಳು. "ಇನ್ಮೇಲೆ ಚರ್ಚಿನ ಮದುವೆಗೆ ಹೋದ್ರೆ ನನ್ನ ತಲೆ ಹಿಂದೆ ಹುಡುಗರ ಸಾಲು ಬರತ್ತೆ" ಎಂದಷ್ಟೇ ಹೇಳಿ ಹೊಸ ಇಸ್ತ್ರಿ ಕೊಡಿಸಬೇಕೆಂದು ತಾಕೀತು ಮಾಡಿದಳು.

ಇಸ್ತ್ರಿಯಿಂದ ಬಂದದ್ದು ಒಂದು ತೊಟ್ಟು. ಅದು ಲೋವೆಲ್‌ನ ಮೂಗಿಗೆ ಏನನ್ನೂ ಹೇಳಲಿಲ್ಲ. ಇನ್ನೂ ಜೋರಾಗಿ ಕೂಗಿಸಬೇಕು ಅಂದುಕೊಂಡು ಡೆಲ್ಬರ್ಟ್‌ನ ಶೆಡ್ಡಿಗೆ ಹೋದ.

ಡೆಲ್ಬರ್ಟ್ ಪಕ್ಕದ ಇಳಿಜಾರಿನವನು, ವೆಲ್ಡಿಂಗ್ ಬಲ್ಲವನು, ಲೋವೆಲ್ ಗುಡ್ಡ ಹತ್ತಿದ ವರ್ಷವೇ ಹತ್ತಿದವನು. ಅಂದಿನಿಂದ ಇಬ್ಬರೂ ಜಗಳವಾಡಿಕೊಂಡೇ ಸ್ನೇಹಿತರಾಗಿದ್ದರು. ಬೀಜ ಆರಿಸುವ ಭಾನುವಾರ ಎಲ್ಲರಿಗಿಂತ ಜೋರಾಗಿ ಮೇಜು ಗುದ್ದುವ ಕೈ ಡೆಲ್ಬರ್ಟ್‌ನದು. ಲೋವೆಲ್ ಕಾಗದದಲ್ಲಿ ಗೀಚಿದ ಚಿತ್ರವನ್ನು ಅವನು ತಲೆಕೆಳಗಾಗಿ ಹಿಡಿದು ನೋಡಿದ.

"ಇದೇನು, ಸೇಬಿನ ಗಾಣಾನಾ?"

"ಹೂವಿನ ಗಾಣ. ಚೌಕಟ್ಟು ನೀನು ಮಾಡ್ಕೊಡು. ಕೆಳಗಡೆ ಲಾರಿ ಜಾಕು ಕೂರತ್ತೆ, ಅದು ಕೆಳಗಿನ ಪ್ಲೇಟನ್ನ ಮೇಲಕ್ಕೆ ಒತ್ತತ್ತೆ."

"ರಾಳ ಮುಟ್ಟೋರು ಕೈಲಾಗದೋರು ಅಂತ ಹೋದ ವರ್ಷ ಯಾರೋ ಭಾಷಣ ಬಿಗೀತಿದ್ದ. ಯಾರಪ್ಪ ಅವನು?"

"ಹೋದ ವರ್ಷ ಹೋದ ವರ್ಷಕ್ಕೆ. ಮಾಡ್ತೀಯೋ ಇಲ್ವೋ?"

"ಮಾಡ್ದೆ ಏನು. ಹೂವನ್ನ ಲಾರಿ ಎತ್ತೋ ಜಾಕಲ್ಲಿ ಅರೆಯೋ ದಿನ ನೋಡೋಕೇ ನಾನು ಬದುಕಿದೀನಿ ಅನ್ಸತ್ತೆ."

ಬೈಯುತ್ತಲೇ ಕೆಲಸ ಶುರು ಮಾಡಿದ. ಮುರಿದ ಟ್ರೇಲರಿನ ಕಬ್ಬಿಣದ ತೊಲೆ ಕತ್ತರಿಸಿ ಚೌಕಟ್ಟು ಬೆಸೆದ. ಮುಚ್ಚಿಹೋದ ಸ್ಯಾಂಡ್‌ವಿಚ್ ಅಂಗಡಿಯ ಗ್ರಿಲ್ಲಿನಿಂದ ಬಿಸಿಮಾಡುವ ಸರಳುಗಳನ್ನು ಕಿತ್ತು ತಂದರು. ಎರಡು ದಪ್ಪ ಅಲ್ಯೂಮಿನಿಯಂ ಪ್ಲೇಟುಗಳಿಗೆ ತೂತು ಕೊರೆದು ಸರಳುಗಳನ್ನು ಒಳಗೆ ತೂರಿಸಿದರು. ಪ್ಲೇಟುಗಳು ಒಂದರ ಮೇಲೊಂದು ಸಮವಾಗಿ ಕೂರಬೇಕು, ಕೂದಲೆಳೆಯಷ್ಟು ಓರೆಯಾದರೂ ರಾಳ ಒಂದೇ ಪಕ್ಕಕ್ಕೆ ಹರಿದು ಚೀಲ ಒಡೆಯುತ್ತದೆ. ಅದನ್ನು ಸರಿಮಾಡುವುದರಲ್ಲೇ ಅಕ್ಟೋಬರ್ ಮುಗಿಯಿತು. ಒಂದು ಸಲ ಚೌಕಟ್ಟು ಬಾಗಿತು, ಇನ್ನೊಂದು ಸಲ ಚೀಲ ಹರಿದು, ಪರೀಕ್ಷೆಗೆಂದು ಹಾಕಿದ್ದ ಡೆಲ್ಬರ್ಟ್‌ನ ಹಳೆಯ ಹೂವಿನ ಪುಡಿಯೆಲ್ಲ ರಾಳದೊಳಗೆ ಬೆರೆತು ಕೆಸರಾಯಿತು. ಡೆಲ್ಬರ್ಟ್ ಪ್ರತಿ ಸಲವೂ ತಪ್ಪು ಲೋವೆಲ್‌ನದೆಂದ, ಲೋವೆಲ್ ಪ್ರತಿ ಸಲವೂ ವೆಲ್ಡಿಂಗ್‌ನದೆಂದ. ಇಬ್ಬರಿಗೂ ಇಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ಪ್ರೆಸ್ಸನ್ನು ಮನೆಗೆ ತಂದು, ಬಾಗಿಲು ಹಾಕಿಕೊಂಡು, ಲೋವೆಲ್ ತನ್ನ ಹೊಲದ ಹೂವನ್ನೇ ಮೊದಲು ಹಾಕಿದ. ಬಟರ್ ಪೇಪರ್ ಮಡಿಸಿ ನಡುವೆ ಚೀಲವಿಟ್ಟು ಜಾಕಿನ ಹಿಡಿ ಮೆಲ್ಲಗೆ ಒತ್ತಿದ. ಪೇಪರಿನ ಅಂಚಿನಲ್ಲಿ ಸಣ್ಣಗೆ ಚುರ್ ಎಂದಿತು. ಹೊಂಬಣ್ಣದ ರಾಳ ಸುತ್ತಲೂ ಹರಡಿ ನಿಂತಿತು. ಲೋವೆಲ್ ಬಗ್ಗಿ ಮೂಗನ್ನು ಅದರ ಹತ್ತಿರ ತಂದ.

ವಾಸನೆ ಬಂತು!

ಟೈರು ಸುಟ್ಟ ವಾಸನೆ, ಅದರ ಹಿಂದೆಯೇ ಕೊಳೆತ ಈರುಳ್ಳಿ. ಲೋವೆಲ್‌ಗೆ ಅದಾವುದೂ ಮುಖ್ಯವಾಗಲಿಲ್ಲ. ಇಷ್ಟು ತಿಂಗಳ ಮೇಲೆ ಏನೋ ಒಂದು ಬಂದಿತ್ತು. ಮುದುಕ ಮರದ ಪೆಟ್ಟಿಗೆಯ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟ. ಅತ್ತು ಮುಗಿದ ಮೇಲೆ ಮತ್ತೆ ಮೂಸಿದ. ಮತ್ತೆ ಟೈರು, ಮತ್ತೆ ಈರುಳ್ಳಿ. ಆಗ ಸಿಟ್ಟು ಬಂತು. ಪ್ಲೇಟಿಗೆ ತೂತು ಕೊರೆಯುವಾಗ ಹಾಕಿದ ಎಣ್ಣೆ ಒಳಗೆ ಉಳಿದಿದೆ, ಅದು ಸುಡುತ್ತಿದೆ ಎಂದು ತೀರ್ಮಾನಿಸಿದ.

ಅಲ್ಲಿಂದ ಶುರುವಾಯಿತು ತೊಳೆಯುವ ಕಾಂಡ. ಪ್ಲೇಟುಗಳನ್ನು ಬಿಚ್ಚಿ ಸೋಪಿನ ನೀರಲ್ಲಿ ಕುದಿಸಿದ, ವಿನೆಗರಿನಲ್ಲಿ ನೆನೆಹಾಕಿದ. ವಾಸನೆ ಹೋಗಲಿಲ್ಲ. ಚೀಲದ ಬಟ್ಟೆ ಬದಲಾಯಿಸಿದ, ಪೇಪರು ಬದಲಾಯಿಸಿದ, ಬಿಸಿ ಇಳಿಸಿದ. ಹೋಗಲಿಲ್ಲ. ಹೊಸ ಪ್ಲೇಟುಗಳನ್ನೇ ತರಿಸಿ ಮೊದಲಿನಿಂದ ಕಟ್ಟಿದ. ಅದೇ ಟೈರು, ಅದೇ ಈರುಳ್ಳಿ. ಈ ನಡುವೆ ಕಾಫಿಯೂ ಸುಟ್ಟ ವಾಸನೆ ಹೊಡೆಯತೊಡಗಿತು, ಅದಕ್ಕೆ ಕಾಫಿಪುಡಿಯ ಅಂಗಡಿ ಬದಲಾಯಿಸಿದ. ಬೆಳ್ಳುಳ್ಳಿ ಹಾಕಿದ ಅಡುಗೆಯೂ ಸುಟ್ಟ ವಾಸನೆ ಹೊಡೆಯಿತು, ಅದಕ್ಕೆ ಬಾಣಲೆ ಎಸೆದ. ಸತ್ತ ಮೂಗು ಎದ್ದು ಬಂದಿದೆ ನಿಜ, ಆದರೆ ತಲೆಕೆಟ್ಟು ಬಂದಿದೆ ಎಂಬ ಒಂದೇ ಒಂದು ಅನುಮಾನ ಅವನಿಗೆ ಬರಲಿಲ್ಲ. ಆಯುಷ್ಯವಿಡೀ ಜಗತ್ತೆಲ್ಲ ತಪ್ಪಿದಾಗಲೂ ಸರಿಯಿದ್ದದ್ದು ಆ ಮೂಗೊಂದೇ. ಅದನ್ನು ಬಿಟ್ಟು ಬಾಣಲೆಯನ್ನು ಅನುಮಾನಿಸುವುದು ಅವನಿಗೆ ಸಹಜವಾಗಿತ್ತು.

ಯಾರನ್ನಾದರೂ ಒಬ್ಬರನ್ನು ಕರೆದು "ಇದು ಹೇಗಿದೆ ಮೂಸಿ ನೋಡು" ಎಂದಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಕೇಳದೆಯೇ ಒಂದು ಸಲ ಉತ್ತರವೂ ಸಿಕ್ಕಿತು. ರೋಡಾ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತು ಉಸಿರೆಳೆದುಕೊಂಡಳು.

"ಅಬ್ಬಾ! ಏನು ಘಮ ಲೋವೆಲ್! ಇಡೀ ಅಂಗಳಕ್ಕೆ ಬರ್ತಿದೆ."

"ನಿಂಗೆ ಮೂಗು ಯಾವತ್ತಿತ್ತು?" ಎಂದ ಲೋವೆಲ್. "ಪ್ಲೇಟಿನ ಎಣ್ಣೆ ಅದು. ಸುಡ್ತಾ ಇದೆ."

ರೋಡಾ ಅವನನ್ನೇ ನೋಡಿದಳು. "ಹೌದಾ" ಎಂದಳು. "ಹುರುಳಿಕಾಯಿ ಆರ್ತಾ ಇದೆ, ಬಾ."

ನವೆಂಬರ್ ಮುಗಿಯುವ ಹೊತ್ತಿಗೆ ಅವನು ಇನ್ನೊಂದು ತೀರ್ಮಾನಕ್ಕೆ ಬಂದಿದ್ದ. ಪ್ರೆಸ್ಸು ಶುದ್ಧವಾಗಿದೆ. ಕೆಟ್ಟಿರುವುದು ಬೆಳೆ. ಆಗಸ್ಟಿನಲ್ಲಿ ಮೂಡಣ ಕಾಡಿಗೆ ಬೆಂಕಿ ಬಿದ್ದಾಗ ಬಂದ ಹೊಗೆ ಹೂವಿನೊಳಗೆ ಇಳಿದಿದೆ. ತನ್ನ ಬೆಳೆ ಹೀಗಾಯಿತಲ್ಲ ಎಂದು ಬೇಸರವಾಯಿತು. ಆದರೆ ಮೂಗು ಮರಳಿದೆ, ಭಾನುವಾರ ಮೇಜಿನ ಮುಂದೆ ಕೂರಬಹುದು ಎಂಬ ಸಮಾಧಾನ ಆ ಬೇಸರಕ್ಕಿಂತ ದೊಡ್ಡದಾಗಿತ್ತು. ಬರೀ ಹೂವನ್ನು ಮೂಸಿದರೆ ಈಗಲೂ ಏನೂ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಪ್ರೆಸ್ಸನ್ನು ಪಿಕಪ್‌ಗೆ ಹೇರಿಕೊಂಡು ಹೋದ.

ಶೆಡ್ಡಿನಲ್ಲಿ ದೊಡ್ಡ ಪಾತ್ರೆಯಲ್ಲಿ ಚಿಲಿ ಎಂಬ ಮಾಂಸ, ಕಾಳುಗಳ ಖಾರದ ಸಾರು ಕುದಿಯುತ್ತಿತ್ತು. ಸೇಬಿನ ಪೈಗಳು ಸಾಲಾಗಿ ಕೂತಿದ್ದವು. ಮಕ್ಕಳು ಹೊರಗೆ ಬೆಂಕಿಗಾಡಿಯ ಮೇಲೆ ಹತ್ತಿದ್ದರು. ಪ್ರೆಸ್ಸನ್ನು ಮೇಜಿನ ಮೇಲೆ ಇಳಿಸಿದಾಗ ಗೊಣಗಾಟ ಎದ್ದಿತು.

"ಇದ್ಯಾಕೆ? ಮೂಗಿಗೆ ರಜಾನಾ?" ಎಂದ ಹ್ಯಾಂಕ್. ಅವನದು ಉತ್ತರದ ಇಳಿಜಾರು, ಸಿಗರೇಟು ಜಾಸ್ತಿ.

"ಈ ವರ್ಷ ರಾಳದಲ್ಲೇ ನೋಡೋದು" ಎಂದ ಲೋವೆಲ್. "ಹೂವು ಸುಳ್ಳು ಹೇಳತ್ತೆ. ರಾಳ ಹೇಳಲ್ಲ."

"ಮೊನ್ನೆವರೆಗೆ ರಾಳವೇ ಸುಳ್ಳಾಗಿತ್ತಲ್ಲಯ್ಯ!"

ನಗೆ ಎದ್ದು ಅಡಗಿತು. ಲೋವೆಲ್ ಮೊದಲ ಜಾಡಿಯ ಹೂ ಒತ್ತಿದ. ರಾಳ ಬಂತು, ಬಗ್ಗಿದ. ಟೈರು.

"ಹೊಗೆ" ಎಂದ. "ಕಾಡಿನ ಬೆಂಕಿ ಒಳಗಿಳಿದಿದೆ. ಇದು ಬೇಡ."

"ಯಾವ ಹೊಗೆ?" ಹ್ಯಾಂಕ್ ಎದ್ದು ನಿಂತ. "ಉತ್ತರದ ಕಡೆ ಹೊಗೆ ಬಂದೇ ಇಲ್ಲ. ಗಾಳಿ ಆ ಕಡೆಗೇ ಇರ್ಲಿಲ್ಲ. ನಿಂಗೆ ವಯಸ್ಸಾಯ್ತು ಕಣೋ!"

"ನಿನ್ನ ಸಿಗರೇಟಿನ ಹೊಗೆ ಇರ್ಬೇಕು ಹಾಗಾದ್ರೆ."

ಚೆನ್ನಾಗಿ ಜಗಳ ಹತ್ತಿತು. ಲೋವೆಲ್‌ನ ಜೀವಕ್ಕೆ ಹಿತವಾಯಿತು. ಎರಡನೆಯದು ಒತ್ತಿದ, ಅದಕ್ಕೂ ಹೊಗೆ ಎಂದ. ಅದರವರೂ ಬೈದರು. ಮೂರನೆಯದಕ್ಕೆ ಹೊಗೆ ಎಂದು ಪಕ್ಕಕ್ಕೆ ತಳ್ಳಿದಾಗ ಡೆಲ್ಬರ್ಟ್ ಮೇಜು ಗುದ್ದಲು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದ. ಆ ಜಾಡಿಯನ್ನು ತನ್ನ ಕಡೆ ಎಳೆದುಕೊಂಡು ಮುಚ್ಚಳ ತೆಗೆದು ಮೂಸಿದ. ರೋಡಾಳ ಕಡೆ ನೋಡಿದ. ರೋಡಾ ನೆಲ ನೋಡುತ್ತಿದ್ದಳು. ಆ ಜಾಡಿ ಲೋವೆಲ್‌ನದೇ ಆಗಿತ್ತು, ರೋಡಾ ಅದನ್ನು ಮೇಜಿನ ಮೇಲೆ ಇಡುವಾಗ ಡೆಲ್ಬರ್ಟ್ ನೋಡಿದ್ದ.

ಪಿಸುಮಾತೊಂದು ಮೇಜಿನ ಸುತ್ತ ಹರಿದು, ಆಮೇಲಿನ ಜಾಡಿಗಳಿಗೆ ಗದ್ದಲ ಕಡಿಮೆಯಾಗುತ್ತಾ ಬಂತು. ಲೋವೆಲ್ ಅದನ್ನು ಗಮನಿಸಲಿಲ್ಲ. ಜಾಕಿನ ಹಿಡಿ ಒತ್ತಿ ಒತ್ತಿ ತೋಳು ನೋಯುತ್ತಿತ್ತು, ಒಂದೊಂದು ರಾಳವೂ ಅದೇ ನಾತ ಹೊಡೆಯುತ್ತಿತ್ತು. ಇಡೀ ಗುಡ್ಡದ ಬೆಳೆಯೇ ಹಾಳಾಗಿದೆಯಲ್ಲ, ಮುಂದಿನ ವರ್ಷಕ್ಕೆ ಏನು ಕೊಡುವುದು ಎಂದು ಎದೆ ಭಾರವಾಗಿತ್ತು. ಉಳಿದದ್ದು ಮೂಲೆಯಲ್ಲಿದ್ದ ಒಂದು ಜಾಡಿ. ಅದರ ರಾಳ ಕಾಕಂಬಿಯಷ್ಟು ಕಪ್ಪಗೆ, ನೀರುನೀರಾಗಿ ಬಂತು. ಅಂಥ ಬಣ್ಣ ಕಂಡರೆ ಪೇಟೆಯ ಹುಡುಗರೂ ಕಸಕ್ಕೆ ಹಾಕುತ್ತಾರೆ. ಆದರೆ ಲೋವೆಲ್ ಕಣ್ಣನ್ನು ನಂಬಿ ಬದುಕಿದವನಲ್ಲ. ಬಗ್ಗಿ ಮೂಸಿದ.

ಹಣ್ಣಾದ ಪೀಚ್. ಬಿಸಿಲಲ್ಲಿ ಬಿರಿದ ಪೀಚ್ ಹಣ್ಣಿನ ಸಿಹಿ, ಅದರ ಜೊತೆ ಸ್ವಲ್ಪ ಬೆಣ್ಣೆ. ಟೈರಿಲ್ಲ, ಈರುಳ್ಳಿಯಿಲ್ಲ. ಫೆಬ್ರುವರಿಯ ನಂತರ ಜಗತ್ತು ಅವನಿಗೆ ಕೊಟ್ಟ ಮೊದಲ ಒಳ್ಳೆಯ ವಾಸನೆ ಅದು. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು.

"ಇದು" ಎಂದ. "ಇದೇ. ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಪೀಚ್ ಹಣ್ಣು! ಬೀಜ ಇದರದ್ದೇ ಹಂಚಿ."

ಬೇರೆ ವರ್ಷಗಳಲ್ಲಾದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಒಟ್ಟಿಗೆ ಕಿರುಚುತ್ತಿದ್ದರು. ಈಗ ಚಿಲಿ ಕುದಿಯುವ ಸದ್ದು ಕೇಳುತ್ತಿತ್ತು. ಡೆಲ್ಬರ್ಟ್ ಪೇಪರನ್ನು ಎತ್ತಿ ಮೂಸಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ.

"ಸರಿ ಲೋವೆಲ್" ಎಂದ. "ನೀನು ಹೇಳಿದ ಮೇಲೆ ಆಯ್ತು."

ಪೇಪರು ಹ್ಯಾಂಕ್‌ನ ಕೈಗೆ ಹೋಯಿತು. ಹ್ಯಾಂಕ್ ಮೂಸಿದ, ಕೆಮ್ಮಿದ, ಕೆಮ್ಮನ್ನು ನುಂಗಿದ. "ಹೌದೌದು. ಪೀಚೇ. ಒಳ್ಳೇ ಪೀಚು."

"ಒಳ್ಳೇದು ಆರಿಸಿದ್ದೀಯ" ಎಂದಳು ಅವನ ಪಕ್ಕದವಳು, ಮೂಸದೆಯೇ.

ಹೀಗೆ ಪೇಪರು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಒಪ್ಪಿದರು. ಯಾರೂ ಬೈಯಲಿಲ್ಲ, ಯಾರೂ ಸಿಗರೇಟು ಸೇದಲು ಹೊರಗೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಮಾತಾಡುವ ದನಿಯಲ್ಲಿ ಮಾತಾಡುತ್ತಿದ್ದರು. ಲೋವೆಲ್ ಒಂದೊಂದೇ ಮುಖ ನೋಡುತ್ತಾ ಬಂದ.

"ಡೆಲ್ಬರ್ಟ್."

"ಏನೋ?"

"ಯಾಕೋ ಜಗಳ ಆಡ್ತಿಲ್ಲ?"

ಡೆಲ್ಬರ್ಟ್ ಟೋಪಿ ತೆಗೆದು ಒಳಗೆ ನೋಡಿ ಮತ್ತೆ ಹಾಕಿಕೊಂಡ. ಬಾಗಿಲ ಹತ್ತಿರ ನಿಂತಿದ್ದ ಲಾರ್ಕ್ ಎಂಬ ಹೆಂಗಸು ಮುಂದೆ ಬಂದಳು. ಗುಡ್ಡದಲ್ಲೇ ಹುಟ್ಟಿದವಳು, ತಾಯಿ ತೀರಿಕೊಂಡ ಮೇಲೆ ತಾಯಿಯ ತೋಟ ಅವಳದು. ಅವಳ ಮುಖ ಕೆಂಪಗಾಗಿತ್ತು.

"ಆ ಜಾಡಿ ನಂದು. ಅದನ್ನ ನೆಡಬೇಡಿ" ಎಂದಳು. "ನನ್ನ ಟಾರ್ಪಾಲು ಹರಿದು ಹೋಗಿತ್ತು, ವಾರಗಟ್ಟಲೆ ಮಂಜು ಇಳೀತು. ನನ್ನ ಗಿಡ ಇದ್ದಿದ್ದರಲ್ಲಿ ಬೇಗ ಬೂಷ್ಟು ಹಿಡಿಯೋ ಜಾತಿ, ಎಲ್ಲಾ ಬೂಷ್ಟಾಯ್ತು. ಖಾಲಿ ಕೈಲಿ ಬರೋಕೆ ನಾಚಿಕೆಯಾಗಿ ತಂದೆ. ನೀವು ಮುಚ್ಚಳ ತೆಗೆದ ಕೂಡ್ಲೇ ಬೈತೀರಿ ಅಂದ್ಕೊಂಡಿದ್ದೆ, ಲೋವೆಲ್. ಇದರ ಬೀಜ ಹಂಚಿದ್ರೆ ಮುಂದಿನ ವರ್ಷ ಇಡೀ ಗುಡ್ಡ ಕೊಳೆಯತ್ತೆ."

"ಗೊತ್ತಿದ್ದೂ ಹೌದು ಅಂದ್ರಾ?" ಲೋವೆಲ್ ಮೇಜಿನ ಸುತ್ತ ಕೇಳಿದ. "ಗುಡ್ಡ ಕೊಳೀಲಿ ಅಂತ?"

"ಇವನ ಮೂಗು ಫೆಬ್ರುವರೀಲೇ ಹೋಯ್ತು" ಎಂದಳು ರೋಡಾ. ಯಾರಿಗೂ ಅಲ್ಲ, ಎಲ್ಲರಿಗೂ ಎಂಬಂತೆ.

ಲೋವೆಲ್ ಅವಳ ಕಡೆ ತಿರುಗಿದ. "ನಿಂಗೆ ಹೇಗೆ ಗೊತ್ತು?"

"ಏಪ್ರಿಲಲ್ಲಿ ನೀನು ಒಡೆದ ಹಾಲು ಕುಡಿದು ಲೋಟ ತೊಳೆದಿಟ್ಟೆ. ನಾನು ಅಡುಗೆಮನೇಲೇ ಇದ್ದೆ."

"ಹೇಳ್ಬೇಕಿತ್ತು."

"ನೀನು ಹೇಳ್ತೀಯ ಅಂತ ಕಾದೆ. ನೀನು ಪ್ರೆಸ್ಸು ಕಟ್ಟಿದೆ."

ಲೋವೆಲ್ ಪ್ರೆಸ್ಸಿನ ವೈರು ಕಿತ್ತು ಸುತ್ತತೊಡಗಿದ. ಪ್ಲೇಟು ಇನ್ನೂ ಬಿಸಿಯಿತ್ತು, ಬೆರಳು ಚುರುಕೆಂದರೂ ಬಿಡಲಿಲ್ಲ. ಪಿಕಪ್‌ಗೆ ಹೇರಿಕೊಂಡು ಮನೆಗೆ ಹೋಗುವುದು, ಇನ್ನು ಈ ಶೆಡ್ಡಿನ ಕಡೆ ತಲೆ ಹಾಕದಿರುವುದು, ಅಷ್ಟೇ ಅವನ ತಲೆಯಲ್ಲಿದ್ದದ್ದು.

"ಕೂತ್ಕೊಳ್ಳೋ ಮುದಿಯ" ಎಂದ ಡೆಲ್ಬರ್ಟ್. "ಗುಡ್ಡಕ್ಕೆ ಬೀಜ ಬೇಕು. ನೀನು ಹೊರಟ್ರೆ ಈ ಹ್ಯಾಂಕ್ ಆರಿಸ್ತಾನೆ."

"ನಂಗೇನು ಕಮ್ಮಿ?" ಎಂದ ಹ್ಯಾಂಕ್.

ಡೆಲ್ಬರ್ಟ್ ಒಂದು ಜಾಡಿ ಎತ್ತಿ ಮೂಸಿದ. "ಇದು ಚೆನ್ನಾಗಿದೆ" ಎಂದ.

ಲೋವೆಲ್ ವೈರು ಸುತ್ತುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ತಡೆಯಲಾಗಲಿಲ್ಲ. "ಚೆನ್ನಾಗಿದೆ ಅಂದ್ರೆ ಏನು? ಎಮ್ಮೆನೂ ಹೇಳತ್ತೆ ಹುಲ್ಲು ಚೆನ್ನಾಗಿದೆ ಅಂತ. ಮೊದಲು ಏನು ಬಂತು?"

"ಮೆಣಸು."

"ಆಮೇಲೆ?"

"ಆಮೇಲೆ... ಮಳೆ ಬಿದ್ದ ಕಬ್ಬಿಣದ ಥರ."

"ಕೊನೇಲಿ ಗಂಟಲಲ್ಲಿ ಕೆರೆತ?"

"ಹೂಂ."

"ಹ್ಯಾಂಕ್‌ದು. ಒಲೆ ಹತ್ರ ಒಣಗಿಸಿದ್ದಾನೆ."

"ಒಲೆ ಅಲ್ಲ!" ಹ್ಯಾಂಕ್ ಕಿರುಚಿದ. "ಒಲೆ ಇದ್ದ ಕೋಣೆ, ಅಷ್ಟೇ!" ಶೆಡ್ಡಿನಲ್ಲಿ ಬಹಳ ಹೊತ್ತಿನ ಮೇಲೆ ನಗೆ ಎದ್ದಿತು. ಲೋವೆಲ್ ನಗಲಿಲ್ಲ. ಆದರೆ ವೈರನ್ನು ಕೆಳಗಿಟ್ಟು ಕೂತ.

ಡೆಲ್ಬರ್ಟ್ ಇನ್ನೊಂದು ಜಾಡಿ ಎತ್ತಿಕೊಂಡ. ಈ ಸಲ ನಿಧಾನ ಮಾಡಿದ. ಎರಡು ಸಲ ಮೂಸಿ ಲಾರ್ಕ್‌ಗೆ ಕೊಟ್ಟ, ಅವಳು ಮೂಸಿ ಅವನಿಗೇ ವಾಪಸ್ಸು ಕೊಟ್ಟಳು.

"ಮೊದಲು ನಿಂಬೆ ಸಿಪ್ಪೆ" ಎಂದ ಡೆಲ್ಬರ್ಟ್. "ಹಣ್ಣಲ್ಲ, ಸಿಪ್ಪೆ. ಉಗುರಲ್ಲಿ ಗೀರಿದ ಹಾಗೆ."

"ಅದರ ಹಿಂದೇನೇ ಬೇ ಮರದ ಎಲೆ" ಎಂದಳು ಲಾರ್ಕ್. "ಒಣಗಿದ್ದಲ್ಲ. ಹೊಳೆ ಪಕ್ಕದ ಹಸಿ ಎಲೆ ಹಿಚುಕಿದ್ರೆ ಬರತ್ತಲ್ಲ, ಅದು."

"ಆಮೇಲೆ ಎಲ್ಲಾ ಹೋಗಿ ಒಂದು ತಂಪು ಉಳಿಯತ್ತೆ" ಎಂದ ಡೆಲ್ಬರ್ಟ್. "ನಮ್ಮಮ್ಮನ ಹೊಲಿಗೆ ಮಿಷಿನ್ನಿನ ಡ್ರಾಯರ್ ಎಳೆದ್ರೆ ಹೀಗೇ ಇರ್ತಿತ್ತು. ನೂಲು, ಸ್ವಲ್ಪ ಎಣ್ಣೆ, ಹಳೇ ಮರ. ನಂಗೆ ಅದರೊಳಗೆ ತಲೆ ಇಟ್ಕೊಂಡು ಕೂತಿರೋಣ ಅನ್ನಿಸ್ತಿತ್ತು."

ಲೋವೆಲ್ ಕಣ್ಣು ಮುಚ್ಚಿ ಕೇಳಿದ. ಮನಸ್ಸಿನಲ್ಲೇ ಗುಡ್ಡದ ಇಳಿಜಾರುಗಳನ್ನೆಲ್ಲ ಸುತ್ತಿಬಂದ. ನಿಂಬೆ ಸಿಪ್ಪೆ, ಬೇ ಎಲೆ, ನೂಲು. ಅಂಥದ್ದು ಯಾರದೂ ಅಲ್ಲ.

"ಹೊಸಬರದಿರಬೇಕು" ಎಂದ. "ಕೆಳಗಿನ ರಸ್ತೆಯವರು."

"ಅಲ್ಲ."

"ಹಾಗಾದ್ರೆ ಬೀಜ ಹೊರಗಿಂದ ತರಿಸಿದ್ದಾರೆ. ಇದು ಈ ಗುಡ್ಡದ್ದೇ ಅಲ್ಲ. ಯಾರದಿದು?"

"ನಿಂದು ಕಣೋ" ಎಂದ ಡೆಲ್ಬರ್ಟ್.

"ನನ್ನದು ಹಾಗಿರಲ್ಲ" ಎಂದ ಲೋವೆಲ್. "ನನ್ನದು ಪೈನ್ ಮರದ ವಾಸನೆ. ಬರೀ ಪೈನು."

"ಯಾರು ಹೇಳಿದ್ದು? ನೀನೇ ಹೇಳಿದ್ದು. ಮುಚ್ಚಳ ಪೂರ್ತಿ ತೆಗೀತಿರ್ಲಿಲ್ಲ, ನಂದು ಅಂತ ಆ ಕಡೆ ತಳ್ತಿದ್ದೆ. ನಮ್ಮ ಕೈಗೆ ಯಾವತ್ತು ಕೊಟ್ಟಿದ್ದೀಯ ನೀನು?" ಡೆಲ್ಬರ್ಟ್‌ನ ದನಿ ಏರಿತು. "ಇಷ್ಟು ವರ್ಷ ನಿನ್ನ ಪಕ್ಕದಲ್ಲಿದ್ದು ಇವತ್ತು ಮೂಸ್ತಾ ಇದೀನಿ. ಬೀಜ ಇದರದ್ದೇ. ಬೇಡ ಅನ್ನೋನು ಯಾರಾದ್ರೂ ಇದ್ರೆ ಹೊರಗೆ ಬರ್ಲಿ, ನೋಡ್ಕೋತೀನಿ."

ಬೇಡ ಎಂದವರು ಇಬ್ಬರು ಮೂವರು ಇದ್ದರು. ಬೇ ಎಲೆಯಲ್ಲ ಅದು ಎಂದು ಹ್ಯಾಂಕ್ ಕೂಗಿದ, ನಿನ್ನ ಹೊಲಿಗೆ ಮಿಷಿನ್ನಿಗಿಷ್ಟು ಬೆಂಕಿ ಹಾಕ ಎಂದು ಇನ್ಯಾರೋ ಅಂದರು. ಜಾಡಿ ಕೈಯಿಂದ ಕೈಗೆ ಹೋಗಿ ಎಲ್ಲರ ಮೂಗಿನ ಕೆಳಗೂ ತಿರುಗಿ ಮೇಜಿಗೆ ಮರಳಿತು. ಲೋವೆಲ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ತಂದು ಉದ್ದಕ್ಕೆ ಉಸಿರೆಳೆದ. ಏನೂ ಬರಲಿಲ್ಲ. ಜಾಡಿಯನ್ನು ಡೆಲ್ಬರ್ಟ್‌ನ ಮುಂದೆ ಹಿಡಿದ.

"ಇನ್ನೊಂದ್ಸಲ ಹೇಳು" ಎಂದ. "ನಿಧಾನಕ್ಕೆ."

ಡೆಲ್ಬರ್ಟ್ ಟೋಪಿ ತೆಗೆದಿಟ್ಟು, ಜಾಡಿಯೊಳಗೆ ಮೂಗು ಹಾಕಿ, ನಿಂಬೆ ಸಿಪ್ಪೆಯಿಂದ ಶುರು ಮಾಡಿದ.